ಬಾಟ್ಲಿ ಮೇಲಿನ ನಂಬರ್ ನಂಬಬಹುದಾ? ವೇಪ್ ಲಿಕ್ವಿಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ವೇಪ್, ಅಂದ್ರೆ ಬ್ಯಾಟರಿಯಿಂದ ಲಿಕ್ವಿಡ್ ಬಿಸಿ ಮಾಡಿ ಅದರ ಆವಿ ಎಳೆಯೋ ಇ-ಸಿಗರೇಟ್ ಬಗ್ಗೇನೇ ಇವೆ, ಅದ್ರಲ್ಲೂ ಒಳಗಿರೋ ಲಿಕ್ವಿಡ್ಡು, ಅದರ ಮೇಲೆ ಬರೆದಿರೋ ನಿಕೋಟಿನ್ ಲೆಕ್ಕ, ಅದು ನಿಜಾನಾ ಸುಳ್ಳಾ ಅಂತ. ಹಾಗಾಗಿ ಪೂರ್ತಿ ಪುಟ ಅದಕ್ಕೇ ಬಿಟ್ಟಿದೀನಿ. ಗೊತ್ತಿಲ್ಲದೋರಿಗೆ ಮೊದಲೇ ಹೇಳ್ಬಿಡ್ತೀನಿ, ಕರ್ನಾಟಕದಲ್ಲಿ 2016ರ ಜೂನ್‌ನಲ್ಲೇ ಇದನ್ನ ಮಾರೋದು ನಿಷೇಧ ಆಯ್ತು, 2019ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು, ತಯಾರಿಸೋದು, ತರಿಸೋದು, ಮಾರೋದು, ಸ್ಟಾಕ್ ಇಟ್ಕೊಳೋದು, ಜಾಹೀರಾತು ಎಲ್ಲಾ ಅಪರಾಧ. ಆದ್ರೂ ಮಾಲು ಸಿಗ್ತಿದೆ ಅನ್ನೋದಕ್ಕೆ ನಿಮ್ಮ ಪತ್ರಗಳೇ ಸಾಕ್ಷಿ.

ಪ್ರಶ್ನೆ: ಮೇಡಂ ನಮಸ್ಕಾರ. ನನ್ನ ಮಗ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದಾನೆ. ರಜಕ್ಕೆ ಬಂದಾಗ ಬಟ್ಟೆ ಒಗೆಯೋಕೆ ಅಂತ ಪ್ಯಾಂಟ್ ಜೇಬು ನೋಡಿದ್ರೆ ಹೈಲೈಟರ್ ಪೆನ್ ಥರದ್ದೊಂದು ಸಿಕ್ತು, ಮೇಲೆ 5%, 10 ಎಂಎಲ್ ಅಂತಿದೆ. ಕೇಳಿದ್ರೆ "ಬರೀ ಐದು ಪರ್ಸೆಂಟ್ ಅಮ್ಮಾ, ಸಿಗರೇಟ್‌ಗಿಂತ ಎಷ್ಟೋ ವಾಸಿ" ಅಂತಾನೆ. ಐದು ಪರ್ಸೆಂಟ್ ಅಂದ್ರೆ ಕಮ್ಮೀನೇ ಅಲ್ವಾ? — ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಮ್ಮಿ ಅಲ್ಲಮ್ಮಾ. ಈ ಪರ್ಸೆಂಟ್ ಅನ್ನೋದೇ ಜನರ ದಾರಿ ತಪ್ಪಿಸ್ತಿರೋದು, ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ, ಪೆನ್ನು ಪೇಪರ್ ಇಟ್ಕೊಳಿ. 5% ಅಂದ್ರೆ ಒಂದು ಎಂಎಲ್‌ಗೆ ಸುಮಾರು 50 ಮಿಲಿಗ್ರಾಂ ನಿಕೋಟಿನ್. ಹತ್ತು ಎಂಎಲ್ ಇದ್ರೆ 500 ಮಿಲಿಗ್ರಾಂ. ಈಗ ಸಿಗರೇಟ್ ನೋಡಿ, ಒಂದು ಸಿಗರೇಟಿನ ತಂಬಾಕಲ್ಲಿ ಇರೋದೇ ಹತ್ತು ಹನ್ನೆರಡು ಮಿಲಿಗ್ರಾಂ, ಅದರಲ್ಲೂ ಸೇದೋರ ಮೈಗೆ ಸೇರೋದು ಒಂದು ಒಂದೂವರೆ ಮಿಲಿಗ್ರಾಂ ಅಷ್ಟೇ, ಮಿಕ್ಕಿದ್ದು ಸುಟ್ಟೋ ಹೊಗೆಯಾಗೋ ಹೋಗತ್ತೆ. ವೇಪ್‌ನಲ್ಲಿ ಎಷ್ಟು ಮೈಗೆ ಸೇರತ್ತೆ ಅನ್ನೋದು ಲಿಕ್ವಿಡ್ ಕಾಯಿಸೋ ತಂತಿ ಸುರುಳಿ, ಅಂದ್ರೆ ಕಾಯಿಲ್ ಎಷ್ಟು ಬಿಸಿ ಆಗತ್ತೆ, ಎಷ್ಟು ಉದ್ದ ಎಳೀತಾರೆ ಅನ್ನೋದರ ಮೇಲಿದೆ, ಹಾಗಾಗಿ ಇಷ್ಟು ಸಿಗರೇಟಿಗೆ ಸಮ ಅಂತ ಖಚಿತವಾಗಿ ಯಾರೂ ಹೇಳೋಕಾಗಲ್ಲ, ಆದ್ರೆ ನಿಮ್ಮ ಮಗನ ಜೇಬಲ್ಲಿ ಇದ್ದಿದ್ದು ಒಂದೆರಡು ಪ್ಯಾಕಿನ ಲೆಕ್ಕ ಖಂಡಿತಾ ಅಲ್ಲ.

ಯೂರೋಪಲ್ಲಿ ಇದನ್ನ ಕಾನೂನುಬದ್ಧವಾಗಿ ಮಾರೋ ಕಡೆ ಮಿತಿ ಎಷ್ಟು ಗೊತ್ತಾ, ಎಂಎಲ್‌ಗೆ 20 ಮಿಲಿಗ್ರಾಂ, ರೀಫಿಲ್ ಬಾಟ್ಲಿ 10 ಎಂಎಲ್ ಮೀರಂಗಿಲ್ಲ, ಡಿವೈಸ್ ಒಳಗೆ 2 ಎಂಎಲ್ ಮೀರಂಗಿಲ್ಲ, 2016ರಿಂದ ಈ ನಿಯಮ. ಅಂದ್ರೆ ಅಲ್ಲಿ ಒಂದು ಡಿವೈಸಲ್ಲಿ ಜಾಸ್ತಿ ಅಂದ್ರೆ 40 ಮಿಲಿಗ್ರಾಂ, ಇಲ್ಲಿ ಐನೂರು. ಇಷ್ಟೊಂದು ನಿಕೋಟಿನ್ ಎಳೆದ್ರೂ ಕೆಮ್ಮು ಬರಲ್ವಾ ಅಂತ ನೀವು ಕೇಳ್ಬಹುದು. ಮಾಮೂಲಿ ನಿಕೋಟಿನ್ ಆಗಿದ್ರೆ ಗಂಟಲು ಉರಿದು ಎರಡು ಸಲ ಎಳೆಯೋಷ್ಟರಲ್ಲಿ ಸಾಕಾಗೋದು, ಆದ್ರೆ ಈಗಿನೋವ್ರು ಬೆಂಜಾಯಿಕ್ ಆಸಿಡ್ ಸೇರಿಸಿ ನಿಕೋಟಿನ್ ಸಾಲ್ಟ್ ಮಾಡ್ತಾರೆ, ಉರಿ ಹೋಗ್ಬಿಡತ್ತೆ, ಮಾವಿನ ಹಣ್ಣಿನ ವಾಸನೆ ಬೇರೆ. ಮೈ ತಾನಾಗೇ ಸಾಕು ಅಂತ ಹೇಳ್ತಿತ್ತಲ್ಲ, ಆ ತಡೆಯನ್ನೇ ತೆಗೆದುಹಾಕಿದಾರೆ, ನನಗೆ ನಿಜವಾಗ್ಲೂ ಕೋಪ ಬರೋದು ಇದಕ್ಕೇ.

ಮಗನ ಮೇಲೆ ರೇಗಾಡ್ಬೇಡಿ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಲ ಎಳೀತಾನೆ ಅಂತ ಮೆಲ್ಲಗೆ ಕೇಳಿ. ಎದ್ದ ಐದತ್ತು ನಿಮಿಷಕ್ಕೇ ಬೇಕು ಅಂದ್ರೆ ಚಟ ಗಟ್ಟಿಯಾಗಿ ಅಂಟಿದೆ ಅಂತ ಅರ್ಥ, ಬುದ್ಧಿಮಾತಿಗೆ ಬಿಡೋ ಹಂತ ದಾಟಿರತ್ತೆ. ತಂಬಾಕು ಬಿಡೋರಿಗೆ ಸರ್ಕಾರದ ಕ್ವಿಟ್‌ಲೈನ್ ಇದೆ, 1800-11-2356, ಸಿಗರೇಟ್ ಪ್ಯಾಕ್ ಮೇಲೇ ಪ್ರಿಂಟ್ ಆಗಿರತ್ತೆ, ದುಡ್ಡಿಲ್ಲ. ಅವನೇ ಫೋನ್ ಮಾಡ್ಲಿ, ನೀವು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು.

ಪ್ರಶ್ನೆ: ಲೇಬಲ್ ಮೇಲೆ ಒಂದು, ಒಳಗಡೆ ಇನ್ನೊಂದು ಇರತ್ತೆ ಅಂತ ಓದಿದೀನಿ. ಇದು ಬೇಕಂತಲೇ ಮಾಡೋ ಮೋಸಾನಾ ಅಥವಾ ತಯಾರಿಕೆಯಲ್ಲಿ ಆಗೋ ತಪ್ಪಾ? ಲ್ಯಾಬಲ್ಲಿ ಹೇಗೆ ಕಂಡುಹಿಡೀತಾರೆ? — ಕೆಮಿಸ್ಟ್ರಿ ವಿದ್ಯಾರ್ಥಿ, ಧಾರವಾಡ

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ರಿ. ಅಳೆಯೋದು ಅಂಥಾ ಕಷ್ಟದ್ದಲ್ಲ, ಮಿಶ್ರಣದಲ್ಲಿರೋದನ್ನ ಬೇರೆ ಬೇರೆ ಮಾಡಿ ಅಳೆಯೋ ಎಚ್‌ಪಿಎಲ್‌ಸಿ ಅಥವಾ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಿಶಿನ್ ಇದ್ರೆ ಸಾಕು, ಸ್ಯಾಂಪಲ್ ತಗೊಂಡು ತೆಳು ಮಾಡಿ, ಶುದ್ಧ ನಿಕೋಟಿನ್‌ನ ಸ್ಟ್ಯಾಂಡರ್ಡ್ ಜೊತೆ ಪೀಕ್, ಅಂದ್ರೆ ಗ್ರಾಫಲ್ಲಿ ಬರೋ ಏರು, ಹೋಲಿಸಿದ್ರೆ ಎಷ್ಟಿದೆ ಅಂತ ಗೊತ್ತಾಗತ್ತೆ. ನಿಮ್ಮ ಡಿಪಾರ್ಟ್‌ಮೆಂಟಲ್ಲೇ ಮಿಶಿನ್ ಇರಬಹುದು. ಒಂದು ಎಚ್ಚರ ಮಾತ್ರ ಬೇಕು, ಲಿಕ್ವಿಡ್ಡಲ್ಲಿ ಗ್ಲಿಸರಿನ್ ಇರೋದ್ರಿಂದ ಮಂದವಾಗಿರತ್ತೆ, ಪಿಪೆಟ್ ಗೋಡೆಗೆ ಅಂಟ್ಕೊಂಡು ಅಳತೆ ತಪ್ಪತ್ತೆ, ಅದಕ್ಕೇ ಎಂಎಲ್ ಲೆಕ್ಕದಲ್ಲಿ ಎಳೆಯೋ ಬದಲು ತಕ್ಕಡಿಯಲ್ಲಿ ತೂಕ ಮಾಡಿ ತಗೋಳೋದು ಒಳ್ಳೇದು.

ವ್ಯತ್ಯಾಸ ಯಾಕೆ ಬರತ್ತೆ ಅಂದ್ರೆ ಕಾರಣ ಸುಮಾರಿವೆ. ಲೇಬಲ್ಲಿಗೂ ಒಳಗಿರೋದಕ್ಕೂ ಶೇಕಡಾ 10ರಷ್ಟು ಆಚೀಚೆ ಇದ್ರೆ ಸಂಶೋಧಕರು ಸಾಮಾನ್ಯವಾಗಿ ಒಪ್ಕೋತಾರೆ, ಬೇರೆಬೇರೆ ದೇಶಗಳಲ್ಲಿ ಅಂಗಡಿಯಿಂದ ಕೊಂಡು ತಂದು ಟೆಸ್ಟ್ ಮಾಡಿದಾಗ ಎಷ್ಟೋ ಬಾಟ್ಲಿಗಳು ಆ ಗೆರೆ ದಾಟಿವೆ, ಕೆಲವು ಜಾಸ್ತಿ ಕಡೆ, ಕೆಲವು ಕಮ್ಮಿ ಕಡೆ. ದೊಡ್ಡ ಡ್ರಮ್ಮಲ್ಲಿ ಸರಿಯಾಗಿ ಕಲಸದೇ ತುಂಬಿದ್ರೆ ಒಂದು ಬಾಟ್ಲಿಗೂ ಇನ್ನೊಂದಕ್ಕೂ ಹೊಂದಲ್ಲ. ಬಿಸಿಲಲ್ಲಿ, ಸೆಕೆಯಲ್ಲಿ ಇಟ್ರೆ ನಿಕೋಟಿನ್ ಗಾಳಿ ಜೊತೆ ಸೇರಿ ಕೆಡ್ತಾ ಹೋಗತ್ತೆ, ಲಿಕ್ವಿಡ್ ಬಣ್ಣ ಕಂದು ತಿರುಗೋದು ಅದಕ್ಕೇ.

ಆದ್ರೆ ನನಗೆ ಮುಖ್ಯ ಅನ್ಸೋದು ಇನ್ನೆರಡು. ಮೊದಲನೇದು, ಪರ್ಸೆಂಟ್ ಅಂದ್ರೆ ತೂಕಕ್ಕೆ ಪರ್ಸೆಂಟಾ ಅಥವಾ ಗಾತ್ರಕ್ಕಾ ಅಂತ ಬರೆದೇ ಇರಲ್ಲ. ಜೂಲ್ ಅನ್ನೋ ಅಮೆರಿಕದ ಬ್ರ್ಯಾಂಡ್ 5% ಅಂತ ಹಾಕ್ತಿತ್ತು, ಅದು ತೂಕದ ಲೆಕ್ಕ, ಲಿಕ್ವಿಡ್ ನೀರಿಗಿಂತ ಭಾರ ಇರೋದ್ರಿಂದ ಎಂಎಲ್‌ಗೆ 59 ಮಿಲಿಗ್ರಾಂ ಆಗತ್ತೆ, ಐವತ್ತಲ್ಲ. ಎರಡನೇದು ಸಾಲ್ಟ್ ಲೆಕ್ಕ. ನಿಕೋಟಿನ್ ಮಾಲಿಕ್ಯುಲರ್ ತೂಕ 162, ಬೆಂಜಾಯಿಕ್ ಆಸಿಡ್ 122, ಒಂದಕ್ಕೊಂದು ಸೇರಿದ್ರೆ 284. ಒಬ್ಬ "50 ಮಿಲಿಗ್ರಾಂ" ಅಂದ್ರೆ ಅಪ್ಪಟ ನಿಕೋಟಿನ್ ಅಂತ ಇಟ್ಕೋತಾನೆ, ಇನ್ನೊಬ್ಬ ಸಾಲ್ಟಿನ ಒಟ್ಟು ತೂಕ ಬರೀತಾನೆ, ಅವನದ್ರಲ್ಲಿ ನಿಕೋಟಿನ್ ಇರೋದು 28.5 ಮಾತ್ರ. ಅದೇ ನಂಬರ್, ಹತ್ತಿರ ಹತ್ತಿರ ಎರಡರಷ್ಟು ವ್ಯತ್ಯಾಸ. ಹೋದ ಸಲದ್ದು ಇಷ್ಟಿತ್ತು, ಏನೂ ಆಗ್ಲಿಲ್ಲ ಅಂತ ಧೈರ್ಯವಾಗಿ ಎಳೆಯೋನಿಗೆ ಈ ಸಲ ತಲೆ ಸುತ್ತಿ ವಾಂತಿ ಆಗೋದು ಹೀಗೇನೇ.

ಮೋಸಾನೂ ಇದೆ. 2023ರಲ್ಲಿ ಬ್ರಿಟನ್ನಿನಲ್ಲಿ ಎಲ್ಫ್ ಬಾರ್ ಅನ್ನೋ ದೊಡ್ಡ ಬ್ರ್ಯಾಂಡಿನ ಡಿವೈಸಲ್ಲೇ 2 ಎಂಎಲ್ ಬದಲು 3ಕ್ಕೂ ಜಾಸ್ತಿ ಲಿಕ್ವಿಡ್ ಇದೆ ಅಂತ ಪತ್ತೆಯಾಗಿ ಸೂಪರ್‌ಮಾರ್ಕೆಟ್‌ಗಳು ಶೆಲ್ಫಿಂದ ತೆಗೆದ್ವು. ಕಂಪನಿ ಅದು ಬೇಕಂತ ಮಾಡಿದ್ದಲ್ಲ ಅಂತು. ಬೇಕಂತ ಆಗ್ಲಿ ಬೇಡದೇ ಆಗ್ಲಿ, ಅಲ್ಲಿ ಅಳೆಯೋರಿದ್ರು, ಸಿಕ್ಕಿಬಿತ್ತು. ನಮ್ಮಲ್ಲಿ ಕದ್ದು ಬರೋ ಮಾಲಿಗೆ ಅಳೆಯೋರೂ ಇಲ್ಲ, ತಪ್ಪಾದ್ರೆ ಉತ್ತರ ಕೊಡೋರೂ ಇಲ್ಲ, ಆ ನಂಬರ್ ಬರೆದೋನು ಯಾರು ಅಂತಾನೇ ಗೊತ್ತಿರಲ್ಲ.

ಪ್ರಶ್ನೆ: ನಾನು ಜೀರೋ ನಿಕೋಟಿನ್ ಫ್ಲೇವರ್ ಮಾತ್ರ ಎಳೆಯೋದು, ಫ್ರೆಂಡ್ಸ್ ಜೊತೆ ವೀಕೆಂಡಲ್ಲಿ. ಇದ್ರಲ್ಲಿ ಏನು ತೊಂದ್ರೆ? — 22 ವರ್ಷ, ಬೆಂಗಳೂರು

ಉತ್ತರ: ಜೀರೋ ಅನ್ನೋದೂ ಒಂದು ನಂಬರ್ರೇ ಕಣಪ್ಪಾ, ಅದನ್ನೂ ಯಾರೋ ಅಳೆದಿರಬೇಕು. 2009ರಲ್ಲಿ ಅಮೆರಿಕದ ಆಹಾರ, ಔಷಧಿ ನೋಡ್ಕೊಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಟೆಸ್ಟ್ ಮಾಡಿದಾಗ ನಿಕೋಟಿನ್ ಇಲ್ಲ ಅಂತ ಬರೆದಿದ್ದ ಕಾರ್ಟ್ರಿಜ್‌ಗಳಲ್ಲಿ ಒಂದು ಬಿಟ್ಟು ಮಿಕ್ಕ ಎಲ್ಲದರಲ್ಲೂ ಸ್ವಲ್ಪ ನಿಕೋಟಿನ್ ಸಿಕ್ತು. ಹತ್ತು ವರ್ಷ ಆದಮೇಲೆ ಆಸ್ಟ್ರೇಲಿಯಾದಲ್ಲಿ ನಿಕೋಟಿನ್ ಇಲ್ಲ ಅಂತ ಮಾರ್ತಿದ್ದ ಹತ್ತು ಲಿಕ್ವಿಡ್ ನೋಡಿದ್ರೆ ಆರರಲ್ಲಿ ಇತ್ತು. ಈಗ ಹೊಸ ಆಟ ಶುರುವಾಗಿದೆ, 6-ಮೀಥೈಲ್ ನಿಕೋಟಿನ್ ಅಂತ, ನಿಕೋಟಿನ್‌ಗೆ ಒಂದು ಸಣ್ಣ ಬಾಲ ಅಂಟಿಸಿದ ರಾಸಾಯನಿಕ, ಮಿದುಳಲ್ಲಿ ಅದೇ ಜಾಗಕ್ಕೆ ಹೋಗಿ ಕೂರತ್ತೆ, ಹೆಸರು ಬೇರೆ ಆಗಿದ್ದಕ್ಕೆ ನಿಕೋಟಿನ್ ಇಲ್ಲ ಅಂತ ಮಾರ್ತಾರೆ.

ನಿಜವಾಗ್ಲೂ ಜೀರೋ ಇದ್ರೂ ಫ್ಲೇವರ್ ಇದ್ದೇ ಇರತ್ತಲ್ಲ. ತಿನ್ನೋಕೆ ಸರಿ ಅಂದಿದ್ದು ಶ್ವಾಸಕೋಶಕ್ಕೂ ಸರಿ ಅಂತೇನಿಲ್ಲ. ಬೆಣ್ಣೆ ವಾಸನೆ ಕೊಡೋ ಡಯಾಸಿಟೈಲ್ ಅನ್ನೋದನ್ನ ಉಸಿರಾಡಿ ಅಮೆರಿಕದ ಪಾಪ್‌ಕಾರ್ನ್ ಫ್ಯಾಕ್ಟರಿ ಕೆಲಸಗಾರರಿಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಬಂದಿತ್ತು, ಅದೇ ಡಯಾಸಿಟೈಲ್ 2015ರಲ್ಲಿ ಹಾರ್ವರ್ಡ್‌ನೋರು ನೋಡಿದ 51 ಫ್ಲೇವರ್‌ಗಳಲ್ಲಿ 39ರಲ್ಲಿ ಸಿಕ್ತು. ಇನ್ನೊಂದು ವಿಷ್ಯ, ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು ಶಾಲೆಗಳಲ್ಲಿ ಹುಡುಗರಿಂದ ಕಿತ್ಕೊಂಡ ವೇಪ್‌ಗಳನ್ನ ಪರೀಕ್ಷೆ ಮಾಡಿದಾಗ ಆರರಲ್ಲಿ ಒಂದರಲ್ಲಿ ಸ್ಪೈಸ್ ಅನ್ನೋ ಕೃತಕ ಮಾದಕ ಇತ್ತು. ಫ್ರೆಂಡ್ ಕೊಟ್ಟ ಅಂತ ಎಳೆಯೋ ಮುಂಚೆ ಆ ಫ್ರೆಂಡಿಗೆ ಯಾರು ಕೊಟ್ರು ಅಂತ ಯೋಚ್ನೆ ಮಾಡು. ವೀಕೆಂಡಿಗೆ ಮಾತ್ರ ಅಂತೀಯಲ್ಲ, ಹಾಗಾದ್ರೆ ಬಿಡೋದು ನಿನಗೆ ಈಗ ಸುಲಭ, ಇವತ್ತೇ ಬಿಡು.

ಪ್ರಶ್ನೆ: ಆನ್‌ಲೈನಲ್ಲಿ 100 ಮಿಲಿಗ್ರಾಂ ಸ್ಟ್ರಾಂಗ್ ನಿಕೋಟಿನ್ ತರಿಸಿ ಮನೇಲೇ ಮಿಕ್ಸ್ ಮಾಡ್ಕೊಂಡ್ರೆ ಲೆಕ್ಕ ನಮ್ಮ ಕೈಯಲ್ಲೇ ಇರತ್ತಲ್ಲ? — ಹೆಸರು ಬೇಡ, ಮಂಗಳೂರು

ಉತ್ತರ: ಇರಲ್ಲ. ಆ ನೂರು ಅನ್ನೋ ನಂಬರ್ ಬರೆದಿರೋನೂ ಅದೇ ಗೊತ್ತಿಲ್ಲದ ಮಾರಾಟಗಾರನೇ. ಒಂದು ಎಂಎಲ್ ಕೈ ಮೇಲೆ ಚೆಲ್ಲಿದ್ರೆ ನೂರು ಮಿಲಿಗ್ರಾಂ ನಿಕೋಟಿನ್ ಚರ್ಮದ ಮೇಲೆ ಕೂತಿರತ್ತೆ. ದಯವಿಟ್ಟು ಬೇಡ.

ಪ್ರಶ್ನೆ: ನಮ್ಮ ಮನೇಲಿ ಎರಡು ವರ್ಷದ ಮಗು ಇದೆ. ಮೈದುನ ವೇಪ್ ಬಾಟ್ಲಿ ಎಲ್ಲೆಂದ್ರಲ್ಲಿ ಇಡ್ತಾನೆ, ಸ್ಟ್ರಾಬೆರಿ ವಾಸನೆ ಬರತ್ತೆ. ಕುಡಿದುಬಿಟ್ರೆ ಏನ್ಮಾಡ್ಬೇಕು? ಕೈಗೆ ತಾಗಿದ್ರೂ ವಿಷಾನಾ? — ಗೃಹಿಣಿ, ಹುಣಸೂರು

ಉತ್ತರ: ಹುಣಸೂರಿನೋರು ನೀವು, ಕೈಗೆ ತಾಗಿದ್ರೆ ಏನಾಗತ್ತೆ ಅಂತ ನಿಮ್ಮೂರಿನ ಹೊಗೆಸೊಪ್ಪು ಕೀಳೋ ಹೆಣ್ಣುಮಕ್ಕಳನ್ನ ಕೇಳಿದ್ರೆ ಚೆನ್ನಾಗಿ ಹೇಳ್ತಾರೆ. ಇಬ್ಬನಿಯಲ್ಲಿ, ಮಳೆಯಲ್ಲಿ ಒದ್ದೆ ಸೊಪ್ಪು ಕಿತ್ತು ಕಂಕುಳಲ್ಲಿ ಇಟ್ಕೊಂಡು ಹೊತ್ರೆ ಸಾಯಂಕಾಲಕ್ಕೆ ತಲೆ ಸುತ್ತು, ವಾಕರಿಕೆ, ವಾಂತಿ ಬರೋದುಂಟಲ್ಲ, ಅದು ಎಲೆಯ ನಿಕೋಟಿನ್ ನೀರಲ್ಲಿ ಕರಗಿ ಚರ್ಮದಿಂದ ಒಳಗೆ ಇಳಿದಿದ್ದು. ಬಾಟ್ಲಿಯಲ್ಲಿರೋದೂ ಅದೇ ನಿಕೋಟಿನ್, ಬೇರೆ ಮಾಡಿ ತೆಗೆದು ಸಾಂದ್ರ ಮಾಡಿರೋದು. ಕರ್ನಾಟಕ ಸರ್ಕಾರ ನಿಕೋಟಿನ್‌ನ ಎ ವರ್ಗದ ವಿಷ ಅಂತಾನೇ ಪಟ್ಟಿಗೆ ಸೇರಿಸಿದೆ.

ದೊಡ್ಡೋರಿಗೆ 60 ಮಿಲಿಗ್ರಾಂ ಪ್ರಾಣ ತೆಗೆಯತ್ತೆ ಅಂತ ಹಳೇ ಪುಸ್ತಕಗಳಲ್ಲಿತ್ತು. 2014ರಲ್ಲಿ ಆಸ್ಟ್ರಿಯಾದ ಬರ್ನ್ಡ್ ಮೇಯರ್ ಅನ್ನೋ ವಿಜ್ಞಾನಿ ಅದನ್ನ ಹುಡುಕ್ಕೊಂಡು ಹೋಗಿ, ಆ ಲೆಕ್ಕಕ್ಕೆ ಗಟ್ಟಿ ಆಧಾರ ಇಲ್ಲ, ನುಂಗಿದ್ರೆ ಅರ್ಧ ಗ್ರಾಂನಿಂದ ಒಂದು ಗ್ರಾಂ ಬೇಕಾಗಬಹುದು ಅಂತ ತೋರಿಸಿದ್ರು. ಆದ್ರೆ ಅದು ದೊಡ್ಡೋರ ಲೆಕ್ಕ. ಹತ್ತು ಹನ್ನೆರಡು ಕೆಜಿ ಇರೋ ಮಗುವಿಗೆ ಒಂದು ಗುಟುಕು ಸಾಕು. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಪುಟ್ಟ ಮಗು ಹೀಗೇ ತೀರ್ಕೊಂಡಿತು, ಆಮೇಲೆ 2016ರಲ್ಲಿ ಮಕ್ಕಳು ತೆಗೆಯೋಕಾಗದಂಥ ಮುಚ್ಚಳ ಹಾಕ್ಲೇಬೇಕು ಅಂತ ಅಮೆರಿಕದಲ್ಲಿ ಕಾನೂನು ಬಂತು. ಅದುಮಿ ತಿರುಗಿಸೋ ಮುಚ್ಚಳ, ನಮ್ಮ ಕೆಲವು ಸಿರಪ್ ಬಾಟ್ಲಿಗೂ ಇರತ್ತೆ. ಕಳ್ಳ ಮಾಲಿಗೆ ಅಂಥಾ ಮುಚ್ಚಳ ಇರತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ.

ಮಗು ಬಾಯಿಗೆ ಹಾಕ್ಕೊಂಡಿದೆ ಅಂತ ಅನುಮಾನ ಬಂದ್ರೂ ಸಾಕು, ಬಾಯಿ ಒರೆಸಿ, ಬಾಟ್ಲಿ ಕೈಯಲ್ಲಿ ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಓಡಿ, ಗಾಡಿ ಇಲ್ದಿದ್ರೆ 108ಕ್ಕೆ ಫೋನ್ ಮಾಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗ್ಬೇಡಿ, ಫಿಟ್ಸ್ ಬಂದ್ರೆ ವಾಂತಿ ಶ್ವಾಸಕೋಶಕ್ಕೆ ಹೋಗತ್ತೆ. ಮೊದಲು ಜೊಲ್ಲು ಸುರಿಯೋದು, ಬೆವರೋದು, ವಾಂತಿ, ಎದೆ ಜೋರಾಗಿ ಹೊಡ್ಕೊಳೋದು, ಆಮೇಲೆ ಮೈ ಸೋತು ಉಸಿರು ನಿಧಾನ ಆಗೋದು, ಈ ಎರಡನೇ ಹಂತ ನೋಡಿ ಮಗು ಮಲಗ್ತಿದೆ ಅಂತ ಸುಮ್ಮನಾಗ್ಬೇಡಿ. ದೆಹಲಿ ಏಮ್ಸ್‌ನಲ್ಲಿ ವಿಷದ ಮಾಹಿತಿ ಕೇಂದ್ರ ಇದೆ, 1800-116-117, ಡಾಕ್ಟರಿಗೂ ಆ ನಂಬರ್ ಕೊಡಿ. ಚರ್ಮಕ್ಕೆ ತಾಗಿದ್ರೆ ಬಟ್ಟೆ ಬಿಚ್ಚಿ ಸೋಪು ಹಾಕಿ ಹರಿಯೋ ನೀರಲ್ಲಿ ಕಾಲು ಗಂಟೆ ತೊಳೀರಿ. ಮೈದುನನಿಗೆ ಈ ಪುಟ ಓದೋಕೆ ಕೊಡಿ, ಬಾಟ್ಲಿ ಮನೆಯೊಳಗೆ ಬರಬಾರದು ಅಂತ ಯಜಮಾನ್ರ ಕೈಲಿ ಹೇಳ್ಸಿ.

ಪ್ರಶ್ನೆ: ನಾನು ಮ್ಯಾಂಚೆಸ್ಟರ್‌ನಲ್ಲಿದೀನಿ. ಇಲ್ಲಿ ಸಿಗರೇಟ್ ಬಿಡೋಕೆ ವೇಪ್ ಮಾಡಿ ಅಂತ ಡಾಕ್ಟ್ರೇ ಹೇಳ್ತಾರೆ. ಊರಲ್ಲಿ ಅಪ್ಪ ದಿನಾ ಬೀಡಿ ಸೇದ್ತಾರೆ, ಬರುವಾಗ ಅವರಿಗೊಂದು ತರಲಾ? — ಉಡುಪಿ ಮೂಲದ ಓದುಗ

ಉತ್ತರ: ಅಲ್ಲಿ ಹಾಗೆ ಹೇಳೋದು ನಿಜ, ಬೀಡಿ ಸಿಗರೇಟಿನ ಸುಟ್ಟ ಹೊಗೆಗಿಂತ ಇದು ಕಮ್ಮಿ ಹಾನಿ ಅನ್ನೋದು ಅವರ ನಿಲುವು, ಅದಕ್ಕೆ ತಕ್ಕ ವ್ಯವಸ್ಥೆನೂ ಇಟ್ಟಿದಾರೆ. ಮಾರೋ ಮುಂಚೆ ಎಂಎಚ್‌ಆರ್‌ಎ ಅನ್ನೋ ಸಂಸ್ಥೆಗೆ ಒಳಗೇನಿದೆ ಅಂತ ತಿಳಿಸಬೇಕು, ಆ ಪಟ್ಟಿ ಆನ್‌ಲೈನಲ್ಲೇ ಇದೆ, ನೀವು ಕೊಳ್ಳೋದು ಅದರಲ್ಲಿದೆಯಾ ನೋಡ್ಕೊಳಿ. 20 ಮಿಲಿಗ್ರಾಂ ಮೀರಿದ್ದು, 10 ಎಂಎಲ್‌ಗಿಂತ ದೊಡ್ಡ ನಿಕೋಟಿನ್ ಬಾಟ್ಲಿ, ನಿಕೋಟಿನ್ ಎಚ್ಚರಿಕೆ ಇಲ್ಲದ ಡಬ್ಬ ಅಂಗಡೀಲಿ ಕಂಡ್ರೆ ಮುಟ್ಟಲೇಬೇಡಿ, 2025ರ ಜೂನ್ 1ರಿಂದ ಒಂದ್ಸಲ ಬಳಸಿ ಬಿಸಾಡೋದನ್ನ ಮಾರೋದೂ ಅಲ್ಲಿ ನಿಷೇಧ.

ಇಲ್ಲಿಗೆ ಮಾತ್ರ ತರ್ಬೇಡಿ, ಕಾನೂನಿಗೆ ವಿರುದ್ಧ, ಮತ್ತೆ ನೀವು ತಂದ ಬಾಟ್ಲಿ ಮುಗಿದ ದಿನ ಅಪ್ಪ ರೀಫಿಲ್‌ಗೆ ಹೋಗೋದು ಎಲ್ಲಿಗೆ? ಊರಿನ ಮೆಡಿಕಲ್ ಶಾಪಲ್ಲೇ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗತ್ತೆ, ಔಷಧಿ ಕಾನೂನಿನ ಕೆಳಗೆ ಬರೋದ್ರಿಂದ ಅದರ ಮೇಲೆ ಎರಡು ಅಂತ ಬರೆದಿದ್ರೆ ಅದಕ್ಕೆ ಜವಾಬ್ದಾರಿ ಹೊರೋ ಕಂಪನಿ ಹೆಸರು, ಬ್ಯಾಚ್ ನಂಬರ್ ಎಲ್ಲಾ ಪಕ್ಕದಲ್ಲೇ ಇರತ್ತೆ. ಹೃದಯದ ತೊಂದ್ರೆ ಇದ್ರೆ ಡಾಕ್ಟರನ್ನ ಕೇಳಿ ಶುರು ಮಾಡ್ಲಿ. ಚೂಯಿಂಗ್ ಗಮ್ ಥರ ಜಗಿದು ರಸ ನುಂಗಿದ್ರೆ ಹೊಟ್ಟೆ ಉರಿಯತ್ತೆ, ಬಿಕ್ಕಳಿಕೆ ಬರತ್ತೆ, ನಾಲ್ಕು ಸಲ ಜಗಿದು, ನಾಲಿಗೆ ಚುರುಗುಟ್ಟಿದ ತಕ್ಷಣ ಕೆನ್ನೆ ಒಳಗೆ ಒತ್ತಿ ಇಟ್ಕೋಬೇಕು, ಚುರುಕು ಇಳಿದ್ಮೇಲೆ ಮತ್ತೆ ಜಗೀಬೇಕು. ಕಾಫಿ ಕುಡಿದ ಕಾಲು ಗಂಟೆ ಒಳಗೆ ಹಾಕ್ಕೊಂಡ್ರೆ ಸರಿಯಾಗಿ ಕೆಲಸ ಮಾಡಲ್ಲ, ನಿಮ್ಮಪ್ಪ ಕಾಫಿ ಜೊತೆಗೇ ಬೀಡಿ ಸೇದೋರಾಗಿದ್ರೆ ಇದನ್ನ ಮೊದಲು ಹೇಳಿ.