ಅಜ್ಜನ ಹಳೇ ವಾಚಿನ ಮುಚ್ಚಳದೊಳಗೆ ಬರೀ ಒಂದು ನಂಬರ್ ಇದೆ. ಮಷೀನು ಯಾವುದು ಅಂತ ಪತ್ತೆ ಹಚ್ಚಿ ಬಿಡಿಭಾಗ ತರಿಸುವುದು ಹೇಗೆ?

ಆ ನಂಬರ್ ಹಿಡಿದು ಏನನ್ನೂ ತರಿಸಬೇಡಿ. ತರಿಸಿ ಕೆಟ್ಟವನು ನಾನು.

ನಮ್ಮಜ್ಜ ಬೈಲಹೊಂಗಲ ಕಡೆ ಸಾಲಿ ಮಾಸ್ತರ. ಅವರು ಹೋದ ಮೇಲೆ ಟ್ರಂಕಿನಲ್ಲಿದ್ದ ಚಾವಿ ಕೊಡೋ ವಾಚು ನನ್ನ ಪಾಲಿಗೆ ಬಂತು. ಚಾವಿ ಕೊಟ್ಟರೆ ಎರಡು ನಿಮಿಷ ಓಡಿ ನಿಲ್ಲುತ್ತಿತ್ತು. ಬೆಳಗಾವಿಯ ರೂಮಿನಲ್ಲಿ ಒಂದು ಭಾನುವಾರ ಮುಚ್ಚಳ ತೆಗೆದೆ. ಮಷೀನಿನ ಮೇಲೆ 17 ಜ್ಯುವೆಲ್ಸ್, ಸ್ವಿಸ್, ಇಂಕಾಬ್ಲಾಕ್, ಅಷ್ಟೇ. (ಇಂಕಾಬ್ಲಾಕ್ ವಾಚು ಮಾಡಿದ ಕಂಪನಿ ಹೆಸರಲ್ಲ, ವಾಚು ಕೆಳಗೆ ಬಿದ್ದರೆ ಬ್ಯಾಲೆನ್ಸ್ ಚಕ್ರದ, ಅಂದರೆ ಅತ್ತಿತ್ತ ಆಡುತ್ತ ವಾಚಿನ ವೇಗ ಹಿಡಿದಿಡೋ ಚಕ್ರದ, ಮೊನೆ ಮುರಿಯದಂತೆ ಕಾಯೋ ವ್ಯವಸ್ಥೆ. ನಾನೂ ಅದನ್ನೇ ಕಂಪನಿ ಅಂದುಕೊಂಡಿದ್ದೆ.) ಮುಚ್ಚಳದ ಒಳಮೈಯಲ್ಲಿ ಮಾತ್ರ 1130 ಅಂತ ಒತ್ತಿದ್ದರು.

ಹುಡುಕಿದರೆ ಎ. ಶಿಲ್ಡ್ ಅನ್ನೋ ಸ್ವಿಸ್ ಕಂಪನಿಯದು 1130 ಅಂತ ನಿಜಕ್ಕೂ ಒಂದು ಮಷೀನಿದೆ! ನನ್ನ ಬುದ್ಧಿ ಅಲ್ಲೇ ಕೈಕೊಟ್ಟಿತು. ಮುಚ್ಚಳದ ಮೇಲಿನ ನಂಬರ್ ವಾಚಿನ ಹೊರಗಿನ ಡಬ್ಬಿ ಮಾಡಿದವನು ತನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದು. ಒಳಗಿನ ಮಷೀನು ಮಾಡಿದವನು ಬೇರೆ, ಡಯಲ್ ಮೇಲೆ ಹೆಸರು ಬರೆಸಿದವನು ಇನ್ನೂ ಬೇರೆ. ಆ ಕಾಲದಲ್ಲಿ ಶಿಲ್ಡ್, ಫಾಂಟೆನ್‌ಮೆಲಾನ್‌ನಂಥ ಕಾರ್ಖಾನೆಗಳು ಮಷೀನಷ್ಟೇ ಮಾಡಿ ಹತ್ತಾರು ಕಂಪನಿಗೆ ಮಾರುತ್ತಿದ್ದವು. ನನ್ನ 1130, ಶಿಲ್ಡ್‌ನ 1130, ಎರಡೂ ಕೂಡಿ ಬಂದದ್ದು ಬರೀ ಕಾಕತಾಳೀಯ. ಒಂದು ವರ್ನಿಯರ್ ಹಿಡಿದು ಅಳೆದಿದ್ದರೂ ಸಾಕಿತ್ತು. ಶಿಲ್ಡ್ 1130 ಅಂದರೆ 13 ಲೀನ್ (ವಾಚಿನ ಮಷೀನು ಅಳೆಯೋ ಹಳೇ ಅಳತೆ). ಒಂದು ಲೀನ್ 2.256 ಮಿ.ಮೀ., ಅಂದರೆ ಹೆಚ್ಚುಕಡಿಮೆ 29 ಮಿ.ಮೀ. ಅಗಲ. ನನ್ನದು 26ರ ಒಳಗೇ ಇತ್ತು. ಅಳೆಯಲಿಲ್ಲ. ಸಾವಿರದ ನಾನೂರು ರೂಪಾಯಿ ಕೊಟ್ಟು ಬ್ಯಾಲೆನ್ಸ್ ಚಕ್ರ ತರಿಸಿದೆ.

ಹಳೇದನ್ನು ಬಿಚ್ಚುವಾಗ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಚಿಮಟಕ್ಕೆ ಸಿಕ್ಕಿ ಶ್ಯಾವಿಗೆಯಾಯಿತು. ಹೊಸದು ಕೂರಲಿಲ್ಲ. ಸ್ಕ್ರೂ ಬಿಗಿದೆ, ಹೊಸ ಚಕ್ರದ ಮೊನೆಯೂ ಮುರೀತು.

ಖಡೇ ಬಜಾರಿನ ಹತ್ತಿರ ಒಬ್ಬ ಕಾಕಾ ವಾಚು ರಿಪೇರಿ ಮಾಡುತ್ತಾರೆ. ಎಲ್ಲವನ್ನೂ ಚೀಟಿಯಲ್ಲಿ ಕಟ್ಟಿಕೊಂಡು ಹೋದೆ. ಕಣ್ಣಿಗೆ ಭೂತಗನ್ನಡಿ ಸಿಗಿಸಿ, ಬ್ಯಾಲೆನ್ಸ್ ಇದ್ದ ಖಾಲಿ ಜಾಗಕ್ಕೆ ಓರೆಯಾಗಿ ಬೆಳಕು ಹಿಡಿದು, "ತಮ್ಮಾ, ಇಲ್ಲೇ ಬರದೈತಲ್ಲೋ!" ಅಂದರು. ಎಫ್‌ಎಚ್‌ಎಫ್, 96. ಅದೇ ಫಾಂಟೆನ್‌ಮೆಲಾನ್. ಚಕ್ರವನ್ನು ಬಿಚ್ಚಿದವನು ನಾನೇ, ಅಕ್ಷರ ಇದ್ದದ್ದು ಅದರ ಕೆಳಗೇ. ಗೊತ್ತಾಗಿಬಿಟ್ಟಿದೆ ಅಂದುಕೊಂಡಿದ್ದರಿಂದ ನೋಡಲೇ ಇಲ್ಲ.

"ಇದಕ್ಕ ಏನಾಗಿತ್ತು ಕಾಕಾ?" ಅಂದೆ.

"ಏನೂ ಆಗಿದ್ದಿಲ್ಲ. ಎಣ್ಣಿ ಒಣಗಿತ್ತು."

ಅದಕ್ಕೇ ಹೇಳುವುದು, ನಿಮ್ಮ ವಾಚಿಗೆ ಬಿಡಿಭಾಗ ಬೇಕು ಅಂತ ನೀವು ಹೇಗೆ ತೀರ್ಮಾನಿಸಿದಿರಿ? ವರ್ಷಗಟ್ಟಲೆ ಸುಮ್ಮನೆ ಬಿದ್ದ ವಾಚು ನಿಂತರೆ ಮೊದಲು ತೊಳೆದು ಎಣ್ಣೆ ಹಾಕಿಸಿ. ಹೆಸರು ತಿಳಿಯಲೇಬೇಕೆಂಬ ಹಟವಿದ್ದರೆ ಮಷೀನಿನ ಅಗಲ ಅಳೆಯಿರಿ, ಚಕ್ರವನ್ನು ಮುಟ್ಟದೆ ಅದರ ಕಡ್ಡಿಗಳ ಸಂದಿನಿಂದ ಕೆಳಗಿನ ತಟ್ಟೆಯನ್ನು ನೋಡಿ. ಅಲ್ಲೂ ಏನಿಲ್ಲದಿದ್ದರೆ ಗುರುತು ಸಿಗುವುದು ಡಯಲ್ ಕೆಳಗೆ. ಮುಳ್ಳು ತಿರುಗಿಸುವ ಲಿವರನ್ನು ಒತ್ತಿ ಹಿಡಿಯುವ ಪಟ್ಟಿಯ ಆಕಾರ ಮಷೀನಿನಿಂದ ಮಷೀನಿಗೆ ಬೇರೆ. ಡಯಲ್ ಮಾತ್ರ ನೀವು ತೆಗೆಯಬೇಡಿ, ರಿಪೇರಿಯವರಿಂದ ತೆಗೆಸಿ ಫೋಟೋ ಹೊಡೆದುಕೊಳ್ಳಿ.

ಕಾಕಾನ ಡಬ್ಬಿಯಲ್ಲಿ ಕೆಟ್ಟ 96 ಒಂದಿತ್ತು. ಅದರ ಚಕ್ರ ಹಾಕಿಕೊಟ್ಟರು. ಈಗ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ, ನಾನು ಹಾಗೇ ಕಟ್ಟಿಕೊಳ್ಳುತ್ತೇನೆ. ಮೊನೆ ಮುರಿದ 1130ರ ಚಕ್ರ ಇನ್ನೂ ನನ್ನ ಹತ್ತಿರವೇ ಇದೆ. ನಿಮ್ಮದು ನಿಜವಾಗಿ ಶಿಲ್ಡ್ 1130 ಆಗಿದ್ದರೆ ಹೇಳಿ, ಪುಕ್ಕಟೆ ಕಳಿಸುತ್ತೇನೆ. ಅಳತೆ ಹಾಕಿ ಆಮೇಲೆ ಹೇಳಿ.