ಕೆಂಪಗಿದ್ದರೂ ಘಮ ಯಾಕಿಲ್ಲ?

ಮಲ್ಲೇಶ್ವರದ ಓದುಗರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆದ ಪತ್ರದ ಸಾರ ಇದು: "ಎಂಟನೇ ಕ್ರಾಸಿನ ಗಾಡಿಯಿಂದ ಒಂದು ಡಬ್ಬಿ ಸ್ಟ್ರಾಬೆರಿ ತಂದೆ. ಕಣ್ಣಿಗೆ ಚಂದ, ಬಾಯಿಗೆ ಹುಳಿ, ಮೂಗಿಗೆ ಏನೂ ಇಲ್ಲ. ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಗುರುತು ಹಿಡಿದು ಒಳ್ಳೆಯ ತಳಿ ಮಾಡಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಎಲ್ಲ ಸ್ಟ್ರಾಬೆರಿಗೂ ಜೀನ್ ಅವೇ ಅಲ್ವಾ? ಇದು ಕುಲಾಂತರಿಯೇ?"

ನಮಸ್ಕಾರ. ಮೊದಲು ಹುಳಿಯ ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ ಸಿಗುವ ಹಣ್ಣಿನಲ್ಲಿ ಮಹಾಬಲೇಶ್ವರದ ಕಡೆಯದು ಜಾಸ್ತಿ. ಪೂರ್ತಿ ಹಣ್ಣಾದದ್ದನ್ನು ಅಷ್ಟು ದೂರ ಕಳಿಸಿದರೆ ದಾರಿಯಲ್ಲೇ ಜಾಮ್ ಆಗುತ್ತದೆ. ಹಾಗಾಗಿ ತುಸು ಮೊದಲೇ ಕೀಳುತ್ತಾರೆ. ಮಾವನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡಬಹುದು. ಸ್ಟ್ರಾಬೆರಿ ಹಾಗಲ್ಲ. ಕಿತ್ತ ಮೇಲೆ ಬಣ್ಣ ಏರಬಹುದು, ಸಿಹಿ ಏರುವುದಿಲ್ಲ.

ಘಮದ ಕಥೆ ಬೇರೆ. ಜೀನ್ ಅವೇ ಅಲ್ವಾ ಎಂದಿರಿ. ಬಹುಪಾಲು ಹೌದು. ನಿಮ್ಮನೆ ಸಾರಿಗೂ ನಮ್ಮನೆ ಸಾರಿಗೂ ಬೀಳುವುದು ಅದೇ ಬೇಳೆ, ಹುಣಸೆ, ಸಾರಿನ ಪುಡಿ. ಯಾರು ಎಷ್ಟು ಹಾಕಿದರು ಅನ್ನುವುದರಲ್ಲೇ ರುಚಿ ಬೇರೆಯಾಗುತ್ತದೆ. ಜೀನಿನ ಪಕ್ಕದಲ್ಲೇ, "ಇಷ್ಟು ಹಾಕು" ಎಂದು ಹೇಳುವ ಡಿಎನ್‌ಎ ಭಾಗವೊಂದು ಇರುತ್ತದೆ. ಸ್ಟ್ರಾಬೆರಿಯ ಕ್ಯಾರಮೆಲ್‌ನಂಥ ಘಮಕ್ಕೆ ಮೆಸಿಫ್ಯುರೇನ್ ಎಂಬ ವಸ್ತು ಕಾರಣ. ಅದನ್ನು ಮಾಡುವ ಜೀನಿನ ಪಕ್ಕದ ಭಾಗದಲ್ಲಿ 30 ಅಕ್ಷರಗಳ ವ್ಯತ್ಯಾಸ ಇರುವುದನ್ನು ಸ್ಪೇನಿನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಒಂದು ಬಗೆಯಲ್ಲಿ ಹಣ್ಣು ಘಮಘಮ. ಇನ್ನೊಂದರಲ್ಲಿ ಜೀನ್ ಇದ್ದೂ ಬಾಯಿ ಬಿಡುವುದಿಲ್ಲ. ಕೆಲವು ತಳಿಗಳ ಪಾಡು ಇನ್ನೂ ಕಷ್ಟ. ಪೀಚ್ ಹಣ್ಣಿನ ವಾಸನೆ ಕೊಡುವ ಜೀನ್ ಅವುಗಳಲ್ಲಿ ಇಲ್ಲವೇ ಇಲ್ಲ.

ಇಂಥ ಗುರುತುಗಳನ್ನು ಹುಡುಕುವುದು ಹೀಗೆ. ಬೇರೆಬೇರೆ ಗಿಡಗಳ ಹಣ್ಣಿನಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಆರ್‌ಎನ್‌ಎ (ಕೆಲಸ ಮಾಡುವ ಜೀನಿನಿಂದ ಹೊರಡುವ ನಕಲು) ಅಳೆದು ನೋಡುತ್ತಾರೆ. ಅವೇ ಗಿಡಗಳ ಡಿಎನ್‌ಎ ಓದುತ್ತಾರೆ. ಎರಡನ್ನೂ ತಾಳೆ ಹಾಕುತ್ತಾರೆ. ನನಗೆ ಇಲ್ಲಿ ತುಂಬಾ ಇಷ್ಟವಾದ ಮಾತು ಒಂದಿದೆ. ಘಮದ ಜೀನಿನ ಕೆಲಸ ಅಳೆಯಲು ಹಣ್ಣೇ ಬೇಕು. ಆದರೆ ಡಿಎನ್‌ಎ ಎಲೆಯಲ್ಲೂ ಅದೇ. ಒಮ್ಮೆ ಗುರುತು ಸಿಕ್ಕರೆ ಸಾಕು, ಪುಟ್ಟ ಸಸಿಯ ಎಲೆಯ ಚೂರು ನೋಡಿ, ಹೂ ಬಿಡುವ ಮೊದಲೇ ಇದು ಇರಲಿ, ಅದು ಬೇಡ ಎನ್ನಬಹುದು. ತಳಿ ಮಾಡುವವರು ಸಾವಿರಾರು ಸಸಿ ಬೆಳೆಸಿ ಬೆರಳೆಣಿಕೆಯಷ್ಟು ಉಳಿಸಿಕೊಳ್ಳುತ್ತಾರೆ. ಅಷ್ಟನ್ನೂ ನಾಲಗೆಯಲ್ಲಿ ಪರೀಕ್ಷಿಸುವುದು ಯಾರಿಂದಾದೀತು?

ಸುಲಭದ ಕೆಲಸವಂತೂ ಅಲ್ಲ. ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳಿಗೆ ಕ್ರೋಮೋಸೋಮ್ ಎನ್ನುತ್ತಾರೆ. ನಮಗೆ 23ರ ಎರಡು ಸೆಟ್, ಒಟ್ಟು 46. ಸ್ಟ್ರಾಬೆರಿಗೆ 7ರ ಎಂಟು ಸೆಟ್, ಒಟ್ಟು 56. ಅಂದರೆ ಒಂದೇ ಜೀನಿನ ಪ್ರತಿಗಳು ಎಂಟು ಕಡೆ ಇರಬಹುದು. ಬೀದಿಯಲ್ಲಿ ನಿಂತು "ಮಂಜೂ" ಎಂದರೆ ಎಂಟು ಜನ ತಿರುಗಿ ನೋಡಿದ ಹಾಗೆ. ನಮಗೆ ಬೇಕಾದ ಮಂಜು ಯಾರು? 2019ರಲ್ಲಿ ಕಮರೋಸಾ ಎಂಬ ಸ್ಟ್ರಾಬೆರಿ ತಳಿಯ ಜೀನೋಮ್ (ಅದರ ಇಡೀ ಡಿಎನ್‌ಎಯ ಓದು) ಪ್ರಕಟವಾದ ಮೇಲೆ ಈ ಗೊಂದಲ ಎಷ್ಟೋ ತಗ್ಗಿತು.

ಕುಲಾಂತರಿಯೇ ಎಂದರೆ, ಅಲ್ಲ. ಹೊರಗಿನ ಜೀನ್ ತುರುಕುವುದಿಲ್ಲ. ಹೂವಿನಿಂದ ಹೂವಿಗೆ ಪರಾಗ ಹಾಕಿ, ಹುಟ್ಟಿದ ಮಕ್ಕಳಲ್ಲಿ ಆರಿಸಿಕೊಳ್ಳುವುದು ಅಷ್ಟೇ. ನಾವು ತಿನ್ನುವ ಸ್ಟ್ರಾಬೆರಿಯೇ 18ನೇ ಶತಮಾನದ ಫ್ರಾನ್ಸಿನಲ್ಲಿ, ಚಿಲಿಯ ಗಿಡ ಮತ್ತು ಉತ್ತರ ಅಮೆರಿಕದ ಗಿಡ ಅಕ್ಕಪಕ್ಕ ಬೆಳೆದು ಕೂಡಿದ್ದರಿಂದ ಹುಟ್ಟಿದ್ದು.

ಮಹಾಬಲೇಶ್ವರದಲ್ಲಿ ಬೆಳೆಯುವ ವಿಂಟರ್ ಡಾನ್ ಎಂಬ ಸ್ಟ್ರಾಬೆರಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ತಳಿ. ಅಲ್ಲಿಯವರು ಈಗ ಈ ಘಮದ ಗುರುತುಗಳ ಮೇಲೂ ಕೆಲಸ ಮಾಡುತ್ತಿದ್ದಾರೆ. ಆದರೆ ಗುರುತು ಒಂದಿದ್ದರೆ ಎಲ್ಲ ಆಗಿಬಿಡುವುದಿಲ್ಲ. ಬಿಸಿಲು, ನೀರು, ರಾತ್ರಿಯ ಚಳಿ ಎಲ್ಲವೂ ಕೈ ಹಾಕುತ್ತವೆ. ಪೇಟೆ ಇಷ್ಟು ದಿನ ಕೇಳಿದ್ದು ಗಟ್ಟಿ ಹಣ್ಣು, ಘಮವನ್ನಲ್ಲ ಎಂದು ನನಗನ್ನಿಸುತ್ತದೆ.

ಸದ್ಯಕ್ಕೆ ಗಾಡಿಯವನಿಗೆ ಹೇಳಿ ಮುಚ್ಚಳ ತೆಗೆಸಿ, ಮೂಸಿ ನೋಡಿ ತಗೊಳ್ಳಿ. ತೊಟ್ಟಿನ ಹತ್ತಿರ ಬೆಳ್ಳಗಿದ್ದರೆ ಬಿಟ್ಟುಬಿಡಿ. ಮನೆಯಲ್ಲಿ ಉಳಿದ ಹುಳಿ ಹಣ್ಣಿಗೆ ಬೆಲ್ಲ, ಚಿಟಿಕೆ ಖಾರದ ಪುಡಿ ಹಾಕಿ ಗೊಜ್ಜು ಮಾಡಿ. ನಮ್ಮ ಕಚೇರಿಗೆ ಯಾರೋ ತಂದದ್ದು ಮಧ್ಯಾಹ್ನದೊಳಗೆ ಖಾಲಿಯಾಗಿತ್ತು.

— ಸಂ.