ಸಂಪಾದಕರ ಉತ್ತರ: ಬಿಸಿಲಲ್ಲೂ ಹೊರಡಿ, ಮಳೆಯಲ್ಲೂ ಹೊರಡಿ

ಅಕ್ಕಾವರೇ, ನಮಸ್ಕಾರ.

ಬಾಗಲಕೋಟೆಯ ನವನಗರದಿಂದ ನೀವು ಬರೆದ ಕಾಗದ ಯುಗಾದಿಗೆ ಮುಂಚೆಯೇ ಕೈಸೇರಿತು. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಮನೆಯವರು ನಿವೃತ್ತರಾಗಿದ್ದಾರೆ. ಇಬ್ಬರೂ ಸೇರಿ ಸೆಕೆಂಡ್ ಹ್ಯಾಂಡ್ ಈಕೋ ವ್ಯಾನು ಕೊಂಡಿದ್ದೀರಿ. ದೀಪಾವಳಿ ಮುಗಿಸಿಕೊಂಡು ಕನ್ಯಾಕುಮಾರಿ, ಅಲ್ಲಿಂದ ಪೂರ್ವ ಕರಾವಳಿ ಹಿಡಿದು ಅಸ್ಸಾಂ, ಅರುಣಾಚಲ, ಮುಂದಿನ ಜೂನ್ ಹೊತ್ತಿಗೆ ಲಡಾಖ್. ಅದಕ್ಕೆ ತಯಾರಿ ಅಂತ ಈ ಚಳಿಗಾಲವೆಲ್ಲ ರವಿವಾರ ಬಂದರೆ ಹೊರಗೇ ಇದ್ದಿರಿ. ಬಾದಾಮಿಯ ಬಂಡೆ ಹತ್ತಿದಿರಿ. ಮಹಾಕೂಟ, ಸಿದ್ಧನಕೊಳ್ಳ, ನವಿಲುತೀರ್ಥ ನೋಡಿದಿರಿ. ಆಲಮಟ್ಟಿಯಿಂದ ಕೆಳಗೆ ಕೃಷ್ಣೆಯ ಉಸುಕಿನ ಮೇಲೆ ವ್ಯಾನು ನಿಲ್ಲಿಸಿ ರಾತ್ರಿ ಮಲಗಿದಿರಿ. ಬೆಂಗಳೂರಿನಲ್ಲಿರುವ ಮಗ ಮಾತ್ರ "ಇದು ತಯಾರಿ ಅಲ್ಲ ಅಮ್ಮ, ಪಿಕ್‌ನಿಕ್. ಮೊದಲು ಸಾಮಾನು ಹೊಂದಿಸ್ಕೊಳ್ಳಿ" ಎಂದನಂತೆ. ನಾವು ಮಾಡುತ್ತಿರುವುದು ತಯಾರಿಯೋ ಆಟವೋ, ನೀವೇ ಹೇಳಿರಿ ಅಂತ ಕೇಳಿದ್ದೀರಿ.

ತಯಾರಿಯೇ. ಆದರೆ ಅರ್ಧ ತಯಾರಿ.

ನೀವು ಹೋಗಿಬಂದ ಜಾಗಗಳ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ. ಎಲ್ಲವೂ ಡಿಸೆಂಬರ್, ಜನವರಿ. ಹವಾ ಚೆನ್ನಾಗಿದ್ದಾಗ ಚೆನ್ನಾಗಿರುವ ಜಾಗಕ್ಕೆ ಹೋಗಿದ್ದೀರಿ. ಮನಸ್ಸಿಗೆ ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಏಳೆಂಟು ತಿಂಗಳ ಹಾದಿಯಲ್ಲಿ ಹವಾ ಪ್ರತಿದಿನ ಹಾಗಿರುವುದಿಲ್ಲ ಅಲ್ವಾ? ನಿಮ್ಮ ಪುಣ್ಯಕ್ಕೆ ದೀಪಾವಳಿಯೊಳಗೆ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಸಿಗುತ್ತವೆ. ವಿಜಯಪುರದ ಬಿಸಿಲು, ಖಾನಾಪುರದ ಮಳೆ, ಎರೆ ಹೊಲದ ಕೆಸರು, ಚೋರ್ಲಾ ಘಾಟಿನ ತಿರುವು, ಎಲ್ಲವೂ ನಮ್ಮ ಸುತ್ತಲೇ ಇವೆ. ಇಲ್ಲಿ ಏನೇ ಕೆಟ್ಟರೂ ಅದೇ ದಿನವೋ ಮರುದಿನವೋ ಮನೆ ಮುಟ್ಟುತ್ತೀರಿ. ಆದ್ದರಿಂದ ಈಗ ಬೇಕಂತಲೇ ಕಷ್ಟದ ದಿನ ನೋಡಿ ಹೊರಡಿ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ವಿಜಯಪುರಕ್ಕೆ ಹೋಗಿ. 40 ಡಿಗ್ರಿ ದಾಟಿದ ದಿನವೇ ಆಗಲಿ. ವ್ಯಾನಿನೊಳಗೆ ಒಂದು ಥರ್ಮಾಮೀಟರ್ ಇಟ್ಟು, ಗಾಜು ಏರಿಸಿ, ನೀವಿಬ್ಬರೂ ಗೋಳಗುಮ್ಮಟದ ಒಳಗೆ ತಂಪಿನಲ್ಲಿ ಒಂದು ತಾಸು ಕುಳಿತು ಬನ್ನಿ. ಆಮೇಲೆ ಥರ್ಮಾಮೀಟರ್ ನೋಡಿ. ನಾನು ಇದನ್ನು ಹೇಳುತ್ತಿರುವುದಕ್ಕೆ ಕಾರಣ ನಿಮ್ಮ ಕಾಗದದ ಕೊನೆಯಲ್ಲಿ ಸುಮ್ನೆ ಬಂದುಹೋದ ಒಂದು ಸಾಲು. ನಿಮ್ಮ ಮನೆಯವರು ಇನ್ಸುಲಿನ್ ತಗೊಳ್ಳುತ್ತಾರೆ ಎಂದು ಬರೆದಿದ್ದೀರಿ. ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಅದೇ.

ಬಿಚ್ಚದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಬಳಸುತ್ತಿರುವುದನ್ನು ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ ಹೊರಗೆ ಇಡಬಹುದು. ಆದರೆ 30 ಡಿಗ್ರಿ ದಾಟಬಾರದು. ನಿಮ್ಮ ಔಷಧಿಗೆ ಎಷ್ಟು ಅಂತ ಪೆಟ್ಟಿಗೆಯೊಳಗಿನ ಚೀಟಿ ನೋಡಿ, ಡಾಕ್ಟರನ್ನೂ ಕೇಳಿ. ಮುಚ್ಚಿದ ವ್ಯಾನಿನಲ್ಲಿ ಬಿಟ್ಟ ಇನ್ಸುಲಿನ್ ನೋಡಲು ಸರಿಯಾಗಿಯೇ ಕಂಡರೂ ಶಕ್ತಿ ಕಳೆದುಕೊಂಡಿರಬಹುದು. ಇದಕ್ಕೆ ನಮ್ಮ ಕಡೆಯ ಮಣ್ಣಿನ ಗಡಿಗೆ ಚೆನ್ನಾಗಿ ಆಗುತ್ತದೆ. ದೊಡ್ಡ ಗಡಿಗೆಯೊಳಗೆ ಸಣ್ಣದೊಂದು ಇಟ್ಟು, ನಡುವೆ ಹಸಿ ಉಸುಕು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನೀರು ಆರುತ್ತಾ ಒಳಗಿನ ಕಾವು ಎಳೆದುಕೊಳ್ಳುತ್ತದೆ. ವಿಜಯಪುರದ ಒಣ ಗಾಳಿಯಲ್ಲಿ ಇದು ಜೋರಾಗಿ ಕೆಲಸ ಮಾಡುತ್ತದೆ. ಒಡಿಶಾ ಕರಾವಳಿಯಲ್ಲಿ ಗಾಳಿಯೇ ತೇವ ಇರುವುದರಿಂದ ಅಷ್ಟು ಆಗುವುದಿಲ್ಲ. ಬಳಸುತ್ತಿರುವ ಇನ್ಸುಲಿನ್ ಪೆನ್ನಿಗೆ ಇಷ್ಟು ಸಾಕು. ಬಿಚ್ಚದ್ದಕ್ಕೆ ಇಷ್ಟು ತಂಪು ಸಾಲದು. ಅದನ್ನು ತಿಂಗಳುಗಟ್ಟಲೆ ಹೊತ್ತುಕೊಂಡು ಹೋಗದೆ ದೊಡ್ಡ ಊರುಗಳಲ್ಲಿ ಆಗಾಗ ಕೊಳ್ಳಿ. ಲಡಾಖ್‌ನಲ್ಲಿ ತೊಂದರೆ ಉಲ್ಟಾ. ಅಲ್ಲಿ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ, ಚೆಲ್ಲಬೇಕು. ರಾತ್ರಿ ಹಾಸಿಗೆಯೊಳಗೆ ಇಟ್ಟುಕೊಂಡು ಮಲಗಿ.

ಇದರಿಂದಲೇ ಇನ್ನೊಂದು ಮಾತು ಬರುತ್ತದೆ. ಇಡೀ ಉತ್ತರದಲ್ಲಿ ಒತ್ತಿ ಹೇಳಬೇಕಾದದ್ದು ಇದು. ನಿಮಗೆ ಲೈಸೆನ್ಸ್ ಇದೆ, ಆದರೆ ನವನಗರದ ಅಗಲ ರಸ್ತೆ ಬಿಟ್ಟು ಎಲ್ಲೂ ಗಾಡಿ ಹೊಡೆದಿಲ್ಲ ಎಂದಿದ್ದೀರಿ. "ಅವರಿದ್ದಾರಲ್ಲ" ಎಂದೂ ಬರೆದಿದ್ದೀರಿ. ಅಕ್ಕಾವರೇ, ಅವರ ಸಕ್ಕರೆ ಒಮ್ಮೆಲೇ ಇಳಿದ ದಿನ ಸ್ಟೇರಿಂಗ್ ಹಿಡಿಯುವವರು ನೀವೇ. ಕೈ ನಡುಗುವುದು, ಬೆವರುವುದು, ಮಾತು ತೊದಲುವುದು ಕಂಡರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಲ್ಲಿ ಕಲಸಿ ಕುಡಿಸಬೇಕು. ಅಮೀನಗಡದ ಕರದಂಟು ಆಗ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಕೊಬ್ಬರಿ, ಗೋಡಂಬಿ, ತುಪ್ಪ ಇರುವುದರಿಂದ ಸಕ್ಕರೆ ರಕ್ತ ಸೇರುವುದು ನಿಧಾನ. ಅವರು ಚೇತರಿಸಿಕೊಂಡ ಮೇಲೂ ಆ ದಿನ ಮುಂದಿನ ಊರಿನವರೆಗೆ ನೀವೇ ಓಡಿಸಿ.

ಹಾಗಾಗಿ ಇವತ್ತಿನಿಂದ ಅರ್ಧ ದಾರಿ ನಿಮ್ಮದು. ಮೊದಲು ಹುನಗುಂದದ ಕಡೆ, ಆಮೇಲೆ ಬೆಳಗಾವಿಗೆ. ಆಮೇಲೆ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟು. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಕಾಲು ಬ್ರೇಕಿನ ಮೇಲೇ ಇಟ್ಟರೆ ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ. ಪೆಟ್ರೋಲ್ ಉಳಿಸಲಿಕ್ಕೆ ನ್ಯೂಟ್ರಲ್ ಹಾಕುವ ರೂಢಿ ಯಾರಿಗಿದ್ದರೂ ಇಲ್ಲಿಗೆ ಬಿಡಿ. ಪ್ರವಾಸಕ್ಕೆ ಎಷ್ಟು ಸಾಮಾನು ಒಯ್ಯುತ್ತೀರೋ ಅಷ್ಟನ್ನೂ ಹೇರಿಕೊಂಡೇ ಘಾಟು ಇಳಿದು ಹತ್ತಿ. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಬ್ರೇಕಿನಲ್ಲಿ ಎಷ್ಟು ಫರಕು ಅಂತ ಕಾಲಿಗೇ ತಿಳಿಯುತ್ತದೆ.

ಟೈರಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಳೆಯ ಗಾಡಿ ಕೊಂಡಾಗ ಎಲ್ಲರೂ ಟೈರಿನ ಹಲ್ಲು ನೋಡುತ್ತಾರೆ, ವಯಸ್ಸು ನೋಡುವುದಿಲ್ಲ. ಟೈರಿನ ಬದಿಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ರಬ್ಬರು ವರ್ಷ ಕಳೆದಂತೆ ಬಿರುಸಾಗಿ ಸೀಳುತ್ತದೆ. ಗಾಳಿಯನ್ನು ಬೆಳಿಗ್ಗೆ ತಂಪಿನಲ್ಲೇ ನೋಡಿ. ಬಿಸಿಲಲ್ಲಿ ಓಡಿದ ಮೇಲೆ ಜಾಸ್ತಿ ತೋರಿಸಿತೆಂದು ಗಾಳಿ ಬಿಡಬೇಡಿ.

ಇನ್ನು ಅಡುಗೆ. ಮನೆಯವರು ವ್ಯಾನಿನೊಳಗೆ ಗ್ಯಾಸ್ ಒಲೆ, ಸಿಂಕ್ ಕೂರಿಸಬೇಕೆನ್ನುತ್ತಾರೆ. ನಿಮಗೆ ಮನಸ್ಸಿಲ್ಲ. "ಊರು ಬಿಟ್ಟರೂ ಒಲೆ ಬಿಡಲಿಲ್ಲ ಅಂದರೆ ನನಗೇನು ಪ್ರವಾಸ?" ಎಂದು ಬರೆದಿದ್ದೀರಿ. ನಾನು ಪೂರ್ತಿ ನಿಮ್ಮ ಕಡೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ವ್ಯಾನಿನ ನೆಲದಲ್ಲೇ, ನೀವು ಮಲಗುವ ಮಟ್ಟದಲ್ಲೇ ನಿಲ್ಲುತ್ತದೆ. ಬಾಗಿಲು ಹಾಕಿ ಒಲೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕೂಡಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಚಳಿಗೆಂದು ಒಳಗೆ ಕೆಂಡ ಇಡುವುದು, ಎಂಜಿನ್ ಚಾಲೂ ಬಿಟ್ಟು ಮಲಗುವುದು, ಎರಡೂ ಬೇಡ. ಜೊತೆಗೆ ಕಾಯಿದೆಯೂ ಇದೆ. ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. ಸೀಟು ಕಿತ್ತು ಏನನ್ನಾದರೂ ಕಾಯಂ ಕೂರಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ.

ಒಂದು ಸಣ್ಣ ಒಲೆ, ಒಂದು ಕುಕ್ಕರ್, ಹೊರಗೆ ಗಾಳಿಯಾಡುವ ಕಡೆ ಚಹಾ ಮತ್ತು ಅನ್ನ. ಇಷ್ಟು ಸಾಕು. ಉಳಿದದ್ದು ನಮ್ಮ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಜೊತೆಗೆ ಸಿಕ್ಕಲ್ಲಿ ಮೊಸರು, ಉಳ್ಳಾಗಡ್ಡಿ. ದೂರದ ಹಾದಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಕರಾವಳಿ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿ ಒಯ್ಯಿರಿ. ಕುಕ್ಕರ್ ಯಾಕೆ ಅಂದರೆ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದೇ ಇಲ್ಲ.

ಜುಲೈ ಬಂದಾಗ ಮತ್ತೆ ಕಣಕುಂಬಿ ಕಡೆ ಹೋಗಿ. ಮಲಪ್ರಭೆ ಹುಟ್ಟುವ ಊರು ಅದು. ಅದೇ ಬೆಳಗಾವಿ ಜಿಲ್ಲೆಯ ಅಥಣಿ ಮೋಡ ನೋಡುತ್ತಾ ಕುಳಿತಿರುವಾಗ ಇಲ್ಲಿ ದಿನಗಟ್ಟಲೆ ಮಳೆ ಬಿಡುವುದಿಲ್ಲ. ಭೀಮಗಡದ ಕಾಡಿನೊಳಗೆ, ಜಲಪಾತಗಳ ಕಡೆ ಆಗ ಹೋಗಬೇಡಿ. ಅಪಾಯವೂ ಹೌದು, ಅರಣ್ಯ ಇಲಾಖೆಯ ನಿರ್ಬಂಧವೂ ಇರುತ್ತದೆ. ಯಾರದ್ದಾದರೂ ಅಂಗಳ ಕೇಳಿಕೊಂಡು ವ್ಯಾನಿನೊಳಗೆ ಎರಡು ರಾತ್ರಿ ಮಲಗಿ. ಛತ್ತಿನ ಯಾವ ಕೂಡಿನಿಂದ ನೀರು ಒಸರುತ್ತದೆ, ಒದ್ದೆ ಸೀರೆ ಎಲ್ಲಿ ಹರವಬೇಕು, ಚಪ್ಪಲಿ ಎಲ್ಲಿಡಬೇಕು, ಎಲ್ಲ ಆಗ ತಿಳಿಯುತ್ತದೆ. ಇಬ್ಬರ ಉಸಿರಿಗೇ ಗಾಜೆಲ್ಲ ಬೆವರಿ ಬೆಳಗಿನ ಹೊತ್ತಿಗೆ ಹಾಸಿಗೆ ಥಂಡಿಯಾಗಿರುತ್ತದೆ. ಎರಡೂ ಬದಿಯ ಗಾಜು ಎರಡು ಬೆರಳಷ್ಟು ಇಳಿಸಿ, ಸೊಳ್ಳೆ ಜಾಳಿಗೆ ಕಟ್ಟಿ ಮಲಗಿ ನೋಡಿ. ಎರಡನೇ ದಿನ ಇಬ್ಬರಿಗೂ ಸಿಟ್ಟು ಬರುತ್ತದೆ. ಬರಲಿ. ಆ ಸಿಟ್ಟಿನಲ್ಲಿ ಯಾರು ಸುಮ್ಮನಾಗುತ್ತಾರೆ, ಯಾರು ಮಾತಾಡಿ ಹಗುರಾಗುತ್ತಾರೆ ಅಂತ ದೂರದ ಅಸ್ಸಾಮಿನ ತೇಜಪುರದಲ್ಲಿ ತಿಳಿಯುವುದಕ್ಕಿಂತ ಕಣಕುಂಬಿಯಲ್ಲಿ ತಿಳಿಯುವುದು ಒಳ್ಳೆಯದು.

ಎರೆ ಮಣ್ಣಿನ ಕೆಸರು ನಿಮಗೆ ಹೊಸದಲ್ಲ. ಮಳೆಯಾದ ಮೇಲೆ ಡೋಣಿ ದಂಡೆಯ ಹೊಲದ ಹಾದಿಗೆ ಗಾಡಿ ಇಳಿಸಿದರೆ ಮಣ್ಣು ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿಬಿಡುತ್ತದೆ. ಡಾಂಬರು ಬಿಡಬೇಡಿ ಅನ್ನುವುದೇ ಮೊದಲ ಮಾತು. ಸಿಕ್ಕಿಬಿದ್ದರೆ ಎಕ್ಸಲೇಟರ್ ಒತ್ತಿ ಗಾಲಿ ತಿರುಗಿಸಬೇಡಿ, ಇನ್ನೂ ಆಳಕ್ಕೆ ಇಳಿಯುತ್ತದೆ. ಟೈರಿನ ಗಾಳಿ ಸ್ವಲ್ಪ ಬಿಟ್ಟು, ಮುಂದೆ ಗೋಣಿ ಚೀಲ ಹಾಸಿ, ಮೆಲ್ಲಗೆ ಎಬ್ಬಿಸಿ. ಹೊರಬಂದ ಮೇಲೆ ಗಾಳಿ ತುಂಬಲು ಕೈಪಂಪು ಜೊತೆಗಿರಲಿ. ಊರ ಹತ್ತಿರದ ಹೊಲದಲ್ಲಿ, ಟ್ರ್ಯಾಕ್ಟರ್ ಇರುವ ನೆಂಟರ ಎದುರಿಗೆ ಒಮ್ಮೆ ಮಾಡಿ ನೋಡಿ.

ಆದರೆ ಒಂದನ್ನು ಮತ್ತೆ ಮಾಡಲೇಬೇಡಿ. ಕೃಷ್ಣೆಯ ಉಸುಕಿನ ಮೇಲೆ ರಾತ್ರಿ ಕಳೆದದ್ದನ್ನು ಓದಿ ನನಗೆ ಭಯವಾಯಿತು. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ನೀರು ಯಾವ ಹೊತ್ತಿಗೂ ಬಿಡಬಹುದು. ನಮ್ಮಲ್ಲಿ ಹನಿ ಮಳೆ ಇಲ್ಲದಿದ್ದರೂ ಕೊಯ್ನಾ ಕಡೆ ಸುರಿದರೆ ಕೃಷ್ಣೆ ಏರುತ್ತದೆ, ಇದು ನಿಮಗೂ ಗೊತ್ತು. ನದಿ ಯಾವುದೇ ಇರಲಿ, ದಡದ ಮೇಲೆ, ಎತ್ತರದಲ್ಲಿ, ಜನ ಇರುವ ಕಡೆ ಮಲಗಿ. ದೇವಸ್ಥಾನದ ಯಾತ್ರಿನಿವಾಸ, ಧರ್ಮಶಾಲೆ, ರಾತ್ರಿಯೆಲ್ಲ ತೆರೆದಿರುವ ಪೆಟ್ರೋಲ್ ಬಂಕು, ಎಲ್ಲಿಯೇ ಆದರೂ ಕೇಳಿಯೇ ನಿಲ್ಲಿಸಿ. ಮುಧೋಳದ ಹಾದಿಯಲ್ಲಿ ರಾತ್ರಿ ಒಂಬತ್ತಕ್ಕೆ ಮರಳಿದೆವು ಎಂದೂ ಬರೆದಿದ್ದೀರಿ, ಅದೂ ಬೇಡವಾಗಿತ್ತು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಎಷ್ಟೋ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಹೊತ್ತು ಮುಳುಗುವ ಮುಂಚೆ ಗಾಡಿ ನಿಲ್ಲಿಸುವ ರೂಢಿ ಈಗಲೇ ಹಾಕಿಕೊಳ್ಳಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಬೇರೆ ಎಲ್ಲಿ ಏನೇ ಆದರೂ 112.

ಬಾದಾಮಿ ಬಿಡಬೇಡಿ. ಮೊಣಕಾಲಿಗೆ, ಉಸಿರಿಗೆ, ಮನಸ್ಸಿಗೆ ಆ ಹತ್ತುವಿಕೆ ಒಳ್ಳೆಯದು. ಮಳೆಯಾದ ಮರುದಿನ ಮಾತ್ರ ಬಂಡೆ ಹತ್ತಬೇಡಿ. ಅದು ಮರಳುಗಲ್ಲು, ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ಹಿಡಿದ ಅಂಚೇ ಕಿತ್ತು ಬರಬಹುದು. ಇನ್ನೊಂದು ವಿಷಯ. ಬಾದಾಮಿ ಹತ್ತಿದವರಿಗೆ ಲಡಾಖ್ ಸುಲಭ ಅಂದುಕೊಳ್ಳಬೇಡಿ. ಎತ್ತರದ ಕಾಯಿಲೆ ಕಾಲಿನ ಬಲ ನೋಡಿ ಬರುವುದಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಲೇಹ್ ಮುಟ್ಟಿದ ಮೇಲೆ ಕನಿಷ್ಠ ಎರಡು ದಿನ ಏನೂ ಮಾಡದೆ ಇರಿ. ತಲೆನೋವಿನ ಜೊತೆ ವಾಂತಿ, ತೂಕಡಿಕೆ ಬಂದರೆ ಮುಂದೆ ಹತ್ತಬೇಡಿ, ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ಅಲ್ಲಿಗೆ ಹೋಗುವ ಮುಂಚೆ ನಿಮ್ಮ ಮನೆಯವರ ಡಾಕ್ಟರ ಒಪ್ಪಿಗೆ ಬೇಕೇ ಬೇಕು. ಅವರು ಬೇಡ ಅಂದರೆ ಲಡಾಖ್ ಬಿಟ್ಟುಬಿಡಿ. ಅರುಣಾಚಲದಿಂದಲೇ ಮರಳಿದರೂ ಅದು ದೊಡ್ಡ ಪ್ರವಾಸವೇ.

ಮಗನಿಗೆ ಈ ಕಾಗದ ತೋರಿಸಿ. ಅವನ ಕಾಳಜಿ ಸುಳ್ಳಲ್ಲ. ಸಾಮಾನು ಬೇಕು. ಆದರೆ ಯಾವ ಸಾಮಾನು ಅಂತ ಮೇ ಬಿಸಿಲೂ ಜುಲೈ ಮಳೆಯೂ ಹೇಳುತ್ತವೆ, ಆಮೇಲೆ ಕೊಂಡರೆ ದುಡ್ಡೂ ಉಳಿಯುತ್ತದೆ, ಗಾಡಿಯ ಭಾರವೂ ಉಳಿಯುತ್ತದೆ. ಅವನು ರಜೆಗೆ ಬಂದಾಗ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಚೋರ್ಲಾ ಘಾಟು ನೀವೇ ಇಳಿಸಿ ತೋರಿಸಿ.

ಅರುಣಾಚಲಕ್ಕೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಬಗ್ಗೆಯೂ ಕೇಳಿದ್ದೀರಿ. ಅದನ್ನು ಆನ್‌ಲೈನಿನಲ್ಲೇ ಮಾಡಿಸಬಹುದು, ಈಗಲೇ ಅವಸರ ಬೇಡ. ಮಳೆಗಾಲ ಮುಗಿಸಿ, ದಸರೆಯ ಹೊತ್ತಿಗೆ ಇನ್ನೊಂದು ಕಾಗದ ಬರೆಯಿರಿ. ಗಡಿಗೆಯೊಳಗೆ ಎಷ್ಟು ಡಿಗ್ರಿ ಇತ್ತು, ಛತ್ತು ಎಲ್ಲಿ ಸೋರಿತು, ಘಾಟು ಯಾರು ಹತ್ತಿಸಿದರು, ಎಲ್ಲ ಬರೆಯಿರಿ. ಪರ್ಮಿಟ್, ಹಾದಿ, ತಂಗುವ ಊರುಗಳ ಮಾತನ್ನು ಆಗ ವಿವರವಾಗಿ ಆಡೋಣ.

ಸಂಪಾದಕ